ಮಾವನ ಮೂರು ಶಿಳ್ಳೆ

ತೀರಿಕೊಂಡ ಮಾವ ಇಷ್ಟು ಬೇಗ ತನ್ನನ್ನು ಮತ್ತೆ ಕೆಲಸಕ್ಕೆ ಕರೆಯುತ್ತಾನೆಂದು ಟೊರ್ಕ್ವಿಲ್ ಕನಸಿನಲ್ಲೂ ಎಣಿಸಿರಲಿಲ್ಲ.

ಬದುಕಿದ್ದಾಗ ಕರೆದದ್ದೇ ಸಾಲದೆ? ಹನ್ನೊಂದು ವರ್ಷದ ಕೆಳಗೆ ಮಾರ್ಸಲಿಯನ್ನು ಮದುವೆಯಾಗಿ ದ್ವೀಪದಲ್ಲಿದ್ದ ಅವಳಪ್ಪನ ಹೊಲಮನೆಗೆ ಮನೆ ಅಳಿಯನಾಗಿ ಬಂದ ದಿನವೇ ಮುದುಕ ರೂರಿ ರಾಜಾಜ್ಞೆ ಹೊರಡಿಸಿದ್ದ: "ಎರಡು ಶಿಳ್ಳೆ ಹೊಡೆದ್ರೆ ನಾಯಿ ಬರಬೇಕು. ಮೂರು ಹೊಡೆದ್ರೆ ನೀನು." (ನಾಯಿಗೆ ಒಂದು ಕಡಿಮೆ ಯಾಕೆಂದರೆ ಅದಕ್ಕೆ ಬುದ್ಧಿ ಬೇಗ ಹತ್ತುತ್ತದಂತೆ.) ಕುರಿ ತಪ್ಪಿಸಿಕೊಂಡರೆ ಮೂರು, ದೋಣಿ ಎಳೆಯಬೇಕಾದರೆ ಮೂರು, ಕನ್ನಡಕ ಎಲ್ಲಿಟ್ಟೆನೆಂದು ಮರೆತರೂ ಮೂರು. ಹೋದ ವರ್ಷ ಚಳಿಗಾಲದಲ್ಲಿ ರೂರಿ ಹೋದ. ದ್ವೀಪದ ಗಂಡಸರೆಲ್ಲ ಸರದಿಯಲ್ಲಿ ಹೆಗಲು ಕೊಟ್ಟು ಕಡಲಂಚಿನ ಮರಳಿನಲ್ಲಿ ಮಣ್ಣು ಮಾಡಿ ಬಂದರು. ಟೊರ್ಕ್ವಿಲ್ ಅತ್ತ, ನಿಜವಾಗಿಯೇ ಅತ್ತ. ಮರುದಿನ ಒಂದು ಲೋಟ ಟೀಯನ್ನು ಬಿಸಿಯಿರುವಾಗಲೇ ಪೂರ್ತಿ ಕುಡಿದಾಗ ಮಾತ್ರ, ದೇವರು ಕ್ಷಮಿಸಲಿ, ಸ್ವಲ್ಪ ಸುಖವೆನಿಸಿತು.

ಈ ವರ್ಷ ಮೇ ತಿಂಗಳಲ್ಲಿ ಅವನ ತಲೆಯಲ್ಲೊಂದು ಮಹಾಯೋಜನೆ ಮೊಳೆಯಿತು. ಮಾವನ ಹಳೇ ಕಲ್ಲಿನ ಕೊಟ್ಟಿಗೆಯ ತಗಡು ಕಿತ್ತು, ಹೊಸ ಸೂರು ಹಾಕಿ, ಬೇಸಿಗೆಯ ಪ್ರವಾಸಿಗರಿಗೆ ಕೋಣೆ ಮಾಡುವುದು.

"ಅಪ್ಪನ ಕೊಟ್ಟಿಗೆ ಮುಟ್ಟಬೇಡ," ಎಂದಳು ಮಾರ್ಸಲಿ, ಗಂಜಿ ತಿರುವುತ್ತಾ.

"ಸತ್ತವರಿಗೆ ಕೊಟ್ಟಿಗೆ ಯಾಕೆ ಬೇಕು?"

"ಬದುಕಿರೋರಿಗೆ ನಾಲಿಗೆ ಯಾಕೆ ಬೇಕು? ಸುಮ್ನೆ ತಿನ್ನು."

ಗಂಜಿಯ ಬಟ್ಟಲು ಹಿಡಿದು ಹಿತ್ತಲಿಗೆ ಹೋದ. ಆದರೆ ಮಂಗಳವಾರ ಅವಕಾಶ ತಾನಾಗಿ ಒದಗಿತು. ಮೂರು ದಿನದಿಂದ ಕಡಲ ಮಂಜು ಬಂದು ಮನೆಯ ಮೇಲೆ ಕೂತುಬಿಟ್ಟಿತ್ತು. ಅಂಗಳದ ಬಾವಿ ಕಾಣದು, ಬೇಲಿ ಕಾಣದು. ಅಲೆಯ ಸದ್ದು ಒಮ್ಮೆ ಕೆಳಗಿನಿಂದ, ಒಮ್ಮೆ ಹಿತ್ತಲಿಂದ ಕೇಳುತ್ತಿತ್ತು. ರಸ್ತೆಯ ತುದಿಗೆ ಅಂಗಡಿಯ ವ್ಯಾನ್ ಬರುವ ಹೊತ್ತಿಗೆ ಮಾರ್ಸಲಿ ಚೀಲ ಹಿಡಿದು ಹೊರಟಳು. ಹತ್ತು ಹೆಜ್ಜೆಗೆ ಅವಳನ್ನು ಮಂಜು ನುಂಗಿತು. ಟೊರ್ಕ್ವಿಲ್ ಏಣಿ ತಂದ.

ನಾಲ್ಕು ತಗಡು ಕಿತ್ತು ಕೆಳಗಿಳಿಸಿದ್ದ. ಐದನೆಯದರ ಮೊಳೆಗೆ ಕೈ ಹಾಕಿದ್ದಷ್ಟೆ.

ಶಿಳ್ಳೆ ಕೇಳಿಸಿತು.

ಒಂದು. ಎರಡು. ಆಮೇಲೆ ಮುದುಕನಿಗೆ ಮುಂದಿನ ಹಲ್ಲು ಬಿದ್ದ ಮೇಲೆ ಬರುತ್ತಿತ್ತಲ್ಲ, ಆ ಗಾಳಿ ಸೋರುವ ಮೂರನೆಯದು.

ಕೆಳಗೆ ಮಲಗಿದ್ದ ಮುದಿ ನಾಯಿ ಟ್ವೀಡ್ ತಟ್ಟನೆ ಎದ್ದು ಕೂತು, ಖಾಲಿ ಮಂಜನ್ನು ನೋಡುತ್ತಾ ಬಾಲ ಅಲ್ಲಾಡಿಸಿತು. ಯಜಮಾನ ಹೋದ ಮೇಲೆ ಆ ಬಾಲ ಹಾಗೆ ಆಡಿದ್ದನ್ನು ಯಾರೂ ಕಂಡಿರಲಿಲ್ಲ.

ಮತ್ತೆ ಮೂರು. ಈ ಸಲ ಹತ್ತಿರದಲ್ಲಿ, ಅವನ ಕಾಲ ಕೆಳಗಿನ ಕತ್ತಲಿಂದ.

ಟೊರ್ಕ್ವಿಲ್ ಏಣಿಯನ್ನು ತಬ್ಬಿಕೊಂಡ. ಬೆನ್ನ ಮೇಲೆ ಯಾರೋ ಒದ್ದೆ ಕೈಯಿಟ್ಟಂತಾಯಿತು. "ಮಾವಾ," ಎಂದ, ಗಂಟಲು ಕುರಿಮರಿಯದಾಗಿತ್ತು. "ತಪ್ಪಾಯ್ತು ಮಾವಾ. ತಗಡು ವಾಪಸ್ ಹಾಕ್ತೀನಿ. ನಿಮ್ಮ ಟಗರು ಬಂಡೆಯಿಂದ ಬಿತ್ತಲ್ಲ, ಗೇಟು ತೆರೆದಿಟ್ಟಿದ್ದು ಟ್ವೀಡ್ ಅಲ್ಲ, ನಾನು. ನಾಯಿ ಗೇಟು ಹೆಂಗೆ ತೆಗೆಯುತ್ತೆ ಮಾವಾ, ನೀವು ಅದನ್ನ ನಂಬಿದ್ರಲ್ಲ! ನಿಮ್ಮ ತಂಬಾಕಿನ ಪೈಪು ಕಳೆದುಹೋಗಲಿಲ್ಲ, ಸಮುದ್ರಕ್ಕೆ ನಾನೇ ಎಸೆದೆ. ನಿಮ್ಮ ಮಗಳು ಮಾಡೋ ಗಂಜಿನ ಹನ್ನೊಂದು ವರ್ಷದಿಂದ ಕೋಳಿಗೆ ಹಾಕ್ತಾ ಇದೀನಿ. ಇನ್ನೇನೂ ಮುಚ್ಚಿಟ್ಟಿಲ್ಲ, ನನ್ನ ಬಿಟ್ಬಿಡಿ!"

"ಕೋಳಿಗಾ?" ಎಂದಿತು ಮಂಜು.

ಮಂಜಿನಿಂದ ಮೊದಲು ಚೀಲ ಬಂತು, ಆಮೇಲೆ ರಬ್ಬರ್ ಬೂಟು, ಕೊನೆಗೆ ಮಾರ್ಸಲಿ.

"ಟಗರಿನ ಕತೆ ನಂಗೆ ಆವತ್ತೇ ಗೊತ್ತು," ಎಂದಳು. "ಪೈಪಿಗೆ ಅಪ್ಪನ ಪರವಾಗಿ ನಾನೇ ಥ್ಯಾಂಕ್ಸ್ ಹೇಳ್ತೀನಿ, ಕೆಮ್ಮು ಕಡಿಮೆಯಾಯ್ತು. ಆದ್ರೆ ಗಂಜಿ? ಬಟ್ಟಲು ನೆಕ್ಕಿದ ಹಾಗೆ ತಂದಿಡ್ತಿದ್ದೆಯಲ್ಲೋ! ನಾನು ಇನ್ನೊಂದು ಸೌಟು ಬಡಿಸ್ತಿದ್ದೆ!"

"ಅದಕ್ಕೇ ಕೋಳಿಗಳು ಹಾಗೆ ದಪ್ಪಗಾಗಿರೋದು," ಎಂದ ಟೊರ್ಕ್ವಿಲ್. ಸಮಯೋಚಿತ ಮಾತಾಗಿರಲಿಲ್ಲ. "ಅದಿರಲಿ ಮಾರ್ಸಲಿ, ನಿಮ್ಮಪ್ಪ... ಒಳಗಿದಾರೆ."

"ಇದಾರೆ. ಇಳಿದು ಬಾ, ತೋರಿಸ್ತೀನಿ."

ಕೈ ಹಿಡಿದು ಕೊಟ್ಟಿಗೆಯೊಳಗೆ ಎಳೆದೊಯ್ದಳು. ಗೋಡೆಯ ಕಲ್ಲುಸಂದಿಯಲ್ಲಿ ಒಣಹುಲ್ಲು ಕಾಣುತ್ತಿತ್ತು. ಅಲ್ಲಿಂದ ಮೈತುಂಬ ಚುಕ್ಕೆಯಿದ್ದ ಒಂದು ಕರಿಹಕ್ಕಿ ತಲೆ ಹೊರಹಾಕಿ, ಕತ್ತು ಉಬ್ಬಿಸಿ, ಮೂರು ಶಿಳ್ಳೆ ಹೊಡೆಯಿತು. ಮೂರನೆಯದರಲ್ಲಿ ಗಾಳಿ ಸೋರಿತು.

"ಮೈನಾದ ಜಾತಿ. ಕೇಳಿದ್ದನ್ನೆಲ್ಲ ಕಲಿಯುತ್ತೆ," ಎಂದಳು ಮಾರ್ಸಲಿ. ಅವಳ ದನಿ ಮೆತ್ತಗಾಗಿತ್ತು. "ಅಪ್ಪ ದಿನಾ ಈ ಬಾಗಿಲಲ್ಲಿ ನಿಂತೇ ತಾನೆ ನಿನ್ನ ಕರೀತಿದ್ದದ್ದು. ನಾನು ಮಧ್ಯಾಹ್ನ ಟೀ ತಗೊಂಡು ಇಲ್ಲಿ ಬಂದು ಕೂರೋದು ಯಾಕೆ ಅಂದ್ಕೊಂಡೆ? ನಿನ್ನ ಮುಖ ತಪ್ಪಿಸೋಕೆ ಅಂತಲಾ?"

ಹಾಗೆಯೇ ಅಂದುಕೊಂಡಿದ್ದ. ಈಗ ಅವನಿಗೆ ಹೋದ ಜೀವ ಮರಳಿ, ಅದರ ಜೊತೆಗೆ ಹೋದ ಪೌರುಷವೂ ಮರಳಿತು. "ಹಕ್ಕಿ ಅಂತ ನಂಗೆ ಮೊದಲೇ ಅನುಮಾನ ಇತ್ತು," ಎಂದು ಎದೆಯುಬ್ಬಿಸಿದ. "ದೆವ್ವಗಿವ್ವಕ್ಕೆಲ್ಲ ಹೆದರೋ ಜನ ಅಲ್ಲ ನಾವು."

ಹಕ್ಕಿ ಹೊರಗೆ ಹಾರಿ ಹುಲ್ಲು ಕೆದಕಿ, ಇವರಿಬ್ಬರೂ ಹೊರಬರುವಷ್ಟರಲ್ಲಿ ಏಣಿಯ ಮೇಲಿನ ಮೆಟ್ಟಿಲಲ್ಲಿ ಕೂತಿತು. ಕೊಕ್ಕಿನಲ್ಲಿ ಹುಳ ಸಿಕ್ಕಿಸಿಕೊಂಡು ಸುಮ್ಮನೆ ಅವರನ್ನು ನೋಡಿತು.

ಆಗ ದೂರದಲ್ಲಿ, ಜೌಗು ನೆಲದ ಕಡೆಯ ಮಂಜಿನೊಳಗಿಂದ, ಶಿಳ್ಳೆ ಬಂತು. ಮೂರು.

ಹಕ್ಕಿಯ ಕೊಕ್ಕು ಮುಚ್ಚಿಯೇ ಇತ್ತು. ಅದೂ ಕತ್ತು ತಿರುಗಿಸಿ ಆ ಕಡೆ ನೋಡಿತು. ಟ್ವೀಡ್ ಎದ್ದು, ಕುಂಟುವ ಕಾಲನ್ನು ಮರೆತು, ಮಂಜಿನೊಳಗೆ ಓಡಿತು.

"ಇನ್ನೊಂದು ಹಕ್ಕಿ ಇರಬೇಕು," ಎಂದ ಟೊರ್ಕ್ವಿಲ್.

"ಜೌಗಲ್ಲಿ ಕಲ್ಲೂ ಇಲ್ಲ, ಗೂಡೂ ಇಲ್ಲ." ಮಾರ್ಸಲಿಯ ಮುಖ ಬಿಳುಚಿತ್ತು, ಆದರೂ ಅವಳು ರೂರಿಯ ಮಗಳು. ಚೀಲ ಎತ್ತಿಕೊಂಡು ಮನೆಯತ್ತ ತಿರುಗಿದಳು. "ಮೂರು ಸಲ. ನನ್ನನ್ನಲ್ಲ, ನಿನ್ನನ್ನೇ ಕರೀತಿರೋದು. ಹೋಗು. ಕಾಯಿಸಿದ್ರೆ ಅಪ್ಪನಿಗೆ ಸಿಟ್ಟು ಬರುತ್ತೆ."

ಹೋಗದೆ ಏನು ಮಾಡಿಯಾನು? ಮುಂದೆ ಮಾವನ ಶಿಳ್ಳೆ, ಹಿಂದೆ ಮಗಳ ಕಣ್ಣು. ಯಾವುದು ಹೆಚ್ಚು ಭಯಂಕರವೆಂದು ತೂಗಿ ನೋಡಿ, ನಾಯಿ ಬೊಗಳಿದ ಕಡೆ ನಡೆದ. ತನ್ನ ಹೆಜ್ಜೆಯ ಪಕ್ಕ ಇನ್ನೊಂದು ಹೆಜ್ಜೆ ಪಚಕ್ ಪಚಕ್ ಎನ್ನುತ್ತಿದೆಯೆಂದು ಎರಡು ಸಲ ನಿಂತ. ನಿಂತಾಗ ಅದೂ ನಿಂತಿತು. ಕೊನೆಗೆ ಟ್ವೀಡ್ ಸಿಕ್ಕಿತು. ಅದರೆದುರು ಕಪ್ಪು ಕೆಸರಿನಲ್ಲಿ ಕುತ್ತಿಗೆವರೆಗೆ ಹೂತ ಕರಿಮೂತಿಯ ತುಂಬುಗಬ್ಬದ ಕುರಿ, ಕೂಗುವ ಶಕ್ತಿಯೂ ಇಲ್ಲದೆ ಕಣ್ಣು ಬಿಡುತ್ತಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಅದೂ ಇಲ್ಲ, ಹೊಟ್ಟೆಯ ಮರಿಯೂ ಇಲ್ಲ. ಸುತ್ತ ಮನುಷ್ಯರ ಸುಳಿವಿರಲಿಲ್ಲ.

ಎಳೆದು ದಡಕ್ಕೆ ಹಾಕುವಷ್ಟರಲ್ಲಿ ಟೊರ್ಕ್ವಿಲ್ ಸೊಂಟದವರೆಗೆ ಕೆಸರಾಗಿದ್ದ, ಒಂದು ಬೂಟು ಜೌಗಿಗೆ ಅರ್ಪಣೆಯಾಗಿತ್ತು.

ಮಾರ್ಸಲಿ ಬಾಗಿಲಲ್ಲೇ ನಿಂತಿದ್ದಳು. ಹೆಗಲ ಮೇಲಿನ ಕುರಿಯನ್ನೂ ಬರಿಗಾಲನ್ನೂ ನೋಡಿ ಕೇಳಿದಳು: "ಅಪ್ಪ... ಏನಾದ್ರೂ ಅಂದ್ರಾ?"

"ಅಂದ ಹಾಗಾಯ್ತು."

"ಏನಂತ?"

"ಬದುಕಿದ್ದಾಗ ಅಂತಿದ್ದದ್ದೇ," ಎಂದು ಟೊರ್ಕ್ವಿಲ್ ಕುರಿಯನ್ನು ಇಳಿಸಿದ. "ನಾಯಿ ನಿನಗಿಂತ ಮೊದಲು ಬಂತು, ಅಂತ."