ಜೋಲಿಗೊಂದು ರಜಾಯಿ ಹೊಲಿದೆ

ಎರಡು ಮರಗಳ ನಡುವೆ ಕಟ್ಟಿದ ಜೋಲಿಯಲ್ಲಿ ಮಲಗುವವನಿಗೆ ಚಳಿ ಮೇಲಿನಿಂದ ಬರುವುದಿಲ್ಲ, ಕೆಳಗಿನಿಂದ ಬರುತ್ತದೆ. ಇದು ನಾನು ಎಲ್ಲೋ ಓದಿ ತಿಳಿದದ್ದಲ್ಲ. ಕೋಡಿಹಳ್ಳಿ ಹತ್ತಿರ ಗೆಳೆಯ ನಂಜೇಗೌಡನ ಮಾವಿನ ತೋಪಿನಲ್ಲಿ, ಹೋದ ವರ್ಷ, ನನ್ನ ಸ್ವಂತ ಬೆನ್ನಿನಿಂದ ಖಚಿತಪಡಿಸಿಕೊಂಡದ್ದು.

ನಾವು ನಾಲ್ವರು ಗೆಳೆಯರು ಪ್ರತಿ ವರ್ಷ ಚಳಿಗಾಲದಲ್ಲಿ ಒಂದು ರಾತ್ರಿ ಆ ತೋಪಿನಲ್ಲಿ ಜೋಲಿ ಕಟ್ಟಿಕೊಂಡು ಮಲಗುತ್ತೇವೆ. ಆ ಸಲ ಊಟವಾಗಿ ಎರಡು ಗಂಟೆಯೂ ಕಳೆದಿರಲಿಲ್ಲ, ನನ್ನ ಹಲ್ಲು ಕಟಕಟ ಅನ್ನುವ ಸದ್ದಿಗೆ ಉಳಿದ ಮೂವರು ಎದ್ದು ಕೂತರು. ಬೆನ್ನಿನಡಿ ಹಾಸಿಕೊಂಡಿದ್ದ ಎರಡು ರಗ್ಗುಗಳು ನನ್ನ ಭಾರಕ್ಕೆ ಹಪ್ಪಳವಾಗಿದ್ದವು. ನನ್ನೊಬ್ಬನ ದೆಸೆಯಿಂದ ಎಲ್ಲರೂ ಗಂಟು ಕಟ್ಟಿಕೊಂಡು ನಂಜೇಗೌಡನ ಮನೆಯ ಪಡಸಾಲೆಯಲ್ಲಿ ಮಲಗಬೇಕಾಯಿತು. ಬೆಳಿಗ್ಗೆ ಅವನು ತೀರ್ಪು ಕೊಟ್ಟ.

“ಇನ್ಮೇಲೆ ನೀನು ಮಧ್ಯಾಹ್ನ ಬಂದು ಉಂಡ್ಕಂಡು ಸಂಜೆ ಬಸ್ ಹತ್ಬುಡು ಕಣ್ಲಾ. ರಾತ್ರಿ ಉಳಿಯೋ ಲೆಕ್ಕದಾಗೆ ನೀನಿಲ್ಲ.”

ಮೂವತ್ತು ವರ್ಷ ಜಿಲ್ಲಾ ಪತ್ರಿಕೆಯೊಂದರಲ್ಲಿ ಬೇರೆಯವರ ತಪ್ಪು ತಿದ್ದಿ ನಿವೃತ್ತನಾದವನು ನಾನು. ನನ್ನನ್ನೇ ಪುಟದಿಂದ ಕಿತ್ತುಹಾಕಿದರೆ ಸಹಿಸುವುದು ಹೇಗೆ? ಒಂದೇ ಒಂದು ಅವಕಾಶ ಕೊಡಿ ಎಂದು ಕೇಳಿಕೊಂಡೆ. ಬೆಳಗಾಗುವವರೆಗೆ ಜೋಲಿಯಿಂದ ಇಳಿಯದಿದ್ದರೆ ಮಾತ್ರ ಮುಂದಕ್ಕೂ ನಾನು ತಂಡದಲ್ಲಿರಬಹುದು ಎಂದು ಷರತ್ತಾಯಿತು.

ಪರಿಹಾರ ಸರಳವಾಗಿತ್ತು. ಜೋಲಿಯ ಒಳಗೆ ಹಾಸಿದ್ದು ಚಪ್ಪಟೆಯಾಗುತ್ತದೆ. ಆದ್ದರಿಂದ ಹಗುರವಾದ ರಜಾಯಿಯೊಂದನ್ನು ಜೋಲಿಯ ಹೊರಗೆ, ಅಡಿಯಲ್ಲಿ ತೂಗುಹಾಕಬೇಕು. ಮೈಭಾರ ಬೀಳುವುದಿಲ್ಲ, ಒಳಗೆ ತುಂಬಿದ್ದು ಉಬ್ಬಿಕೊಂಡೇ ಇರುತ್ತದೆ, ಬಿಸಿ ನಿಲ್ಲುತ್ತದೆ. ಇಂಥದ್ದನ್ನು ಹೊರಗೆಲ್ಲಿಂದಲೋ ತರಿಸುವುದೇಕೆ? ನಾಲ್ಕು ಅಂಚು, ನಾಲ್ಕು ಹೊಲಿಗೆ. ಒಂದು ಮಧ್ಯಾಹ್ನದ ಕೆಲಸ ಎಂದು ಹೆಂಡತಿ ಗಿರಿಜಾಗೆ ಹೇಳಿದೆ. ಅವಳು ಮನೆಯಲ್ಲೇ ಬ್ಲೌಸು ಹೊಲಿದುಕೊಡುವವಳು. ನನ್ನನ್ನೂ ಮೆಷಿನ್ನನ್ನೂ ಒಮ್ಮೆ ನೋಡಿದಳು.

“ಮೆಷಿನ್ ಮುಟ್ಟಿ, ಬೇಡ ಅನ್ನಲ್ಲ. ಊರವರ ಬ್ಲೌಸ್ ಮಾತ್ರ ಮುಟ್ಟಬೇಡಿ.”

ಕೊಡೆಯ ಬಟ್ಟೆಯಂಥ ತೆಳು ನೈಲಾನ್ ತಂದೆ. ಅಳತೆಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿ ಮಾದರಿ ಮಾಡಿದೆ. ಪುಟದ ಅಳತೆಯಲ್ಲೇ ಆಯುಸ್ಸು ಕಳೆದವನು ಟೇಪು ಹಿಡಿಯುವುದು ಅವಮಾನ. ನಮ್ಮ ಮನೆಗೆ ಎರಡು ಪತ್ರಿಕೆ ಬರುತ್ತವೆ, ಎರಡರ ಹಾಳೆಯ ಅಗಲವೂ ಬೇರೆಬೇರೆ ಎಂಬ ವಿಷಯ ಬಟ್ಟೆ ಕತ್ತರಿಸಿದ ಮೇಲೆ ಬೆಳಕಿಗೆ ಬಂತು. ಬಲಗಡೆಯ ಅಂಚು ಎಡಗಡೆಗಿಂತ ಒಂದು ಗೇಣು ಗಿಡ್ಡ! ಬ್ಲೌಸಿನ ನೇರಳೆ ಬಣ್ಣದ ಲೈನಿಂಗ್ ಪಟ್ಟಿಯೊಂದನ್ನು ಗಿರಿಜಾ ಸುಮ್ಮನೆ ನನ್ನ ಮುಂದೆ ಇಟ್ಟು ಅಡುಗೆಮನೆಗೆ ಹೋದಳು.

ಆಮೇಲಿನ ಮೂರು ದಿನಗಳ ವಿವರ ಸಂಕ್ಷಿಪ್ತವಾಗಿ ಹೀಗಿದೆ. ನೈಲಾನ್ ಜಾರಿತು. ದಾರ ಅಡಿಯಲ್ಲಿ ಗುಬ್ಬಿ ಗೂಡು ಕಟ್ಟಿತು. ಸೂಜಿ ಮುರಿಯಿತು. ಎರಡನೆಯ ಸೂಜಿಯೂ ಮೊದಲನೆಯದನ್ನು ಅನುಸರಿಸಿತು. ಕೊನೆಗೊಂದು ಸಂಜೆ ನಾಲ್ಕೂ ಅಂಚುಗಳನ್ನು, ಹುಳು ಕೂಡ ನುಸುಳದಂತೆ, ಎರಡೆರಡು ಸಾಲು ಹೊಲಿದು ಮುಗಿಸಿದೆ. ಇಷ್ಟು ನೇರವಾದ ಹೊಲಿಗೆಯನ್ನು ನನ್ನ ವಂಶದಲ್ಲಿ ಯಾರೂ ಹಾಕಿರಲಾರರು. ಎತ್ತಿ ಹಿಡಿದು ಗಿರಿಜಾಗೆ ತೋರಿಸಿದೆ. ಅವಳು ಬೆರಳಾಡಿಸಿ ನೋಡಿ ಹೊಲಿಗೆಯನ್ನು ಮೆಚ್ಚಿಕೊಂಡಳು.

“ಸರಿ, ಒಳಗೆ ತುಂಬೋದು ಯಾವ ಕಡೆಯಿಂದ?”

ಮರುದಿನವೆಲ್ಲ ಬಿಚ್ಚಿದೆ.

ತುಂಬುವುದೇನು ಎಂಬ ಪ್ರಶ್ನೆಗೆ ರೇಷ್ಮೆಯ ಊರಾದ ರಾಮನಗರದವನು ಉತ್ತರ ಹುಡುಕಬೇಕಾಗಿಲ್ಲ. ಹತ್ತಿ ಭಾರ, ಇಬ್ಬನಿ ಬಿದ್ದರೆ ಮುದ್ದೆಯಾಗುತ್ತದೆ. ರೇಷ್ಮೆ ಹಗುರ, ಬೆಚ್ಚಗೆ. ನಮ್ಮ ಬೀದಿಯ ಕೊನೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಅನ್ವರ್ ಭಾಯ್ ಇದ್ದಾರೆ. ನೂಲು ತೆಗೆದ ಮೇಲೆ ಉಳಿಯುವ ಸಿಕ್ಕುಸಿಕ್ಕಾದ ಎಳೆಗಳನ್ನು ಒಂದು ಮೂಟೆ ಕೊಟ್ಟರು. ಅದರಲ್ಲಿ ಬೆಂದ ಹುಳುವಿನ ಚೂರು ಇರುತ್ತದೆ, ಸೋಪು ಹಾಕಿ ಮೂರು ನೀರಿನಲ್ಲಿ ತೊಳೆದು ವಾಸನೆ ಹೋದ ಮೇಲೆ ತುಂಬಿ ಎಂದರು. ಒಂದು ನೀರಿನಲ್ಲಿ ತೊಳೆದು ಮೂಸಿ ನೋಡಿದೆ. ವಾಸನೆಯೇ ಇರಲಿಲ್ಲ. ಗಿರಿಜಾ ಮೂಸಿದಳು, ಅವಳಿಗೂ ಇರಲಿಲ್ಲ. ಇನ್ನೂ ಅನುಮಾನ ಬೇಡವೆಂದು ಅನ್ವರ್ ಭಾಯ್ ಅವರಿಗೇ ಒಯ್ದು ಮೂಸಿಸಿದೆ. ಅವರಿಗೂ ಏನೂ ಗೊತ್ತಾಗಲಿಲ್ಲ. ಮೂವರು ಸ್ವತಂತ್ರ ಸಾಕ್ಷಿಗಳು ದೃಢಪಡಿಸಿದ ಮೇಲೆ ಸುದ್ದಿ ಅಚ್ಚಿಗೆ ಹೋಗಲೇಬೇಕು. ತುಂಬಿ, ಹೊಲಿದು ಮುಚ್ಚಿದೆ.

ಮೂವರೂ ಹುಟ್ಟಿದಂದಿನಿಂದ ರಾಮನಗರದಲ್ಲೇ ಉಸಿರಾಡಿದವರು, ಬೇಯುವ ಗೂಡಿನ ವಾಸನೆಯನ್ನು ನಮ್ಮ ಮೂಗುಗಳು ಬರೀ ಗಾಳಿ ಎಂದೇ ತಿಳಿದಿವೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಈ ಸಲದ ಚಳಿಗಾಲದ ರಾತ್ರಿಗೆಂದು ಕೋಡಿಹಳ್ಳಿಗೆ ಹೊರಟಾಗ, ಕನಕಪುರದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಾಯಿತು. ಹಿಂದಿನದೂ ಖಾಲಿಯಾಯಿತು. ನನ್ನ ಮೂಟೆಯ ಗಾತ್ರಕ್ಕೆ ಜನ ತೋರುವ ಸೌಜನ್ಯ ಎಂದುಕೊಂಡೆ. ಕಂಡಕ್ಟರ್ ಟಿಕೆಟ್ಟನ್ನು ಕೈ ನೀಡಿ ದೂರದಿಂದಲೇ ಕೊಟ್ಟರು.

ತೋಪಿನಲ್ಲಿ ಸಂಜೆ ಜೋಲಿ ಕಟ್ಟಿ, ಅದರಡಿ ರಜಾಯಿಯನ್ನು ತೂಗುಹಾಕಿದೆ. ಗಿಡ್ಡವಾದ ಕಡೆಗೆ ಸೇರಿಸಿದ ಲೈನಿಂಗ್ ಹಿಗ್ಗಿ, ನಡುವಿನಲ್ಲಿ ರಜಾಯಿ ಜೋಲಿಗೆ ತಾಗದೆ ಗುಡಾಣದ ಹೊಟ್ಟೆಯಂತೆ ಜೋತುಬಿತ್ತು. ತೋಪಿನ ಅಂಚಿನಲ್ಲೇ ನಂಜೇಗೌಡನ ಮನೆ. ಅವರ ಕೋಳಿಗಳೆಲ್ಲ ಸಾಲಾಗಿ ಬಂದು ರಜಾಯಿಯ ಸುತ್ತ ನಿಂತು ತಲೆಯೆತ್ತಿ ನೋಡತೊಡಗಿದವು. ಒಂದೆರಡು ಹಾರಿ ಹಾರಿ ಕುಕ್ಕಿದವು. ನಂಜೇಗೌಡ ಹತ್ತಿರ ಬಂದವನು ಮೂಗು ಮುಚ್ಚಿಕೊಂಡ.

“ಏನ್ಲಾ ತುಂಬಿದ್ದೀಯ ಇದ್ರೊಳ್ಗೆ? ಹುಳ ಬೇಯ್ಸಿದಂಗೈತೆ.”

“ರೇಷ್ಮೆ,” ಎಂದೆ ಗಂಭೀರವಾಗಿ.

“ರೇಷ್ಮೆಯಂತೆ! ಗಾಳಿ ಆ ಕಡಿಕೆ ಬೀಸೋ ಜಾಗದಾಗೆ ಕಟ್ಕಳ್ಳಪ್ಪ, ನಿನ್ ಕಾಲು ಹಿಡೀತೀನಿ.”

ಕೋಳಿಗಳನ್ನು ಓಡಿಸಿ, ಉಂಡು, ಬೇಗ ಮಲಗಿದೆ. ಹೆಗಲು ಬೆಚ್ಚಗಿತ್ತು. ಕಾಲು ಬೆಚ್ಚಗಿತ್ತು. ಸೊಂಟದ ಹತ್ತಿರವಂತೂ ಬಿಸಿನೀರಿನ ಚೀಲ ಇಟ್ಟಷ್ಟು ಹಿತ. ಕಣ್ಣು ಬಿಟ್ಟಾಗ ಮಾವಿನೆಲೆಗಳ ಮೇಲೆ ಬಿಸಿಲಿತ್ತು. ನಾನು ಇಳಿದಿರಲಿಲ್ಲ, ನಡುಗಿರಲಿಲ್ಲ, ಯಾರನ್ನೂ ಎಬ್ಬಿಸಿರಲಿಲ್ಲ. ಗೆದ್ದಿದ್ದೆ.

ಮೂವರನ್ನೂ ಕೂಗಿ ಕರೆದು, ಜೋಲಿಯಲ್ಲಿ ಕೂತೇ ಚಿಕ್ಕದೊಂದು ಭಾಷಣ ಮಾಡಿದೆ. ಮುಖ್ಯವಾಗಿ ಸೊಂಟದ ಭಾಗದ ಶಾಖವನ್ನು ಗಮನಿಸಬೇಕು, ಅಲ್ಲಿ ರೇಷ್ಮೆಯನ್ನು ನಾನು ಲೆಕ್ಕಾಚಾರದಿಂದ ತುಂಬಿದ್ದೇನೆ ಎಂದೆ. ಅಷ್ಟರಲ್ಲಿ ನಂಜೇಗೌಡನ ತಾಯಿ, ಹಿಂದಿನ ಸಂಜೆಯಿಂದ ಕಾಣೆಯಾದ ತಮ್ಮ ಕೋಳಿಯೊಂದನ್ನು ಹುಡುಕಿಕೊಂಡು ತೋಪಿಗೆ ಬಂದರು. ಕಾವು ಕೂರಲು ನಾಲ್ಕು ದಿನದಿಂದ ಜಾಗ ಹುಡುಕುತ್ತಿದ್ದ ಕೋಳಿಯಂತೆ. ಅವರು ಬಾಯಲ್ಲಿ ಬಾ ಬಾ ಎಂದು ಕರೆದರು. ನನ್ನ ಸೊಂಟದ ಕೆಳಗಿನಿಂದ ಉತ್ತರ ಬಂತು.

ನಂಜೇಗೌಡ ಬಗ್ಗಿ, ಜೋಲಿಗೂ ರಜಾಯಿಗೂ ನಡುವಿನ ಸಂದಿಯೊಳಗೆ ಇಣುಕಿದ.

“ಅವ್ವ, ಇಲ್ಲೈತೆ. ನೆಮ್ದಿಯಾಗಿ ಕುಂತೈತೆ.”

ಎತ್ತಲು ಹೋದರೆ ಕುಕ್ಕಿತು. ಮತ್ತೆ ಹೋದರೆ ಮತ್ತೆ ಕುಕ್ಕಿತು. ಅದು ಮೇಲೇಳುವ ಲಕ್ಷಣವಿಲ್ಲವೆಂದು ಕಂಡು ಆ ತಾಯಿ ನನ್ನನ್ನು ತುಂಬ ಮರ್ಯಾದೆಯಿಂದ ಕೇಳಿದರು.

“ಒಸಿ ದಿನ ಇದನ್ನ ಇಲ್ಲೇ ಬುಟ್ಟೋಗಪ್ಪ. ಎಂಥೆಂಥ ಮಂಕರಿ ಮಡಗಿದ್ರೂ ಒಪ್ಲಿಲ್ಲ ಇದು. ನೀನು ಹೊಲಿದಿದ್ದೇ ಒಪ್ಪೈತೆ.”

ನಾನು ಕೆಳಗಿಳಿದೆ. ಬೆಳಗಾದ ಮೇಲೆ ಇಳಿದೆ ಎಂಬುದನ್ನು ದಾಖಲಿಸಬೇಕೆಂದು ಉಳಿದವರನ್ನು ಕೋರಿದೆ. ರಜಾಯಿಯನ್ನು ಕೋಳಿಸಮೇತ ಬಿಚ್ಚಿ ಮನೆಯ ಮೂಲೆಗೆ ಸಾಗಿಸಿ, ಕೋಳಿಯ ಕೆಳಗೆ ಹನ್ನೊಂದು ಮೊಟ್ಟೆ ಇಟ್ಟರು. ನನ್ನ ಅರ್ಹತೆಯ ಬಗ್ಗೆ ಮಾವಿನ ಮರದಡಿ ಚರ್ಚೆ ನಡೆಯಿತು. ಶಾಖ ನನ್ನದೋ ಕೋಳಿಯದೋ ಎಂಬುದೇ ಪ್ರಶ್ನೆ. ಕೋಳಿ ಇದ್ದದ್ದು ಸೊಂಟಕ್ಕೆ ಮಾತ್ರ, ಹೆಗಲಿಗೂ ಕಾಲಿಗೂ ಯಾವ ಕೋಳಿಯೂ ಇರಲಿಲ್ಲ ಎಂದು ವಾದಿಸಿದೆ. ತೀರ್ಪನ್ನು ಕಾಯ್ದಿರಿಸಲಾಯಿತು.

ಮನೆಗೆ ಬರಿಗೈಯಲ್ಲಿ ಬಂದೆ. ರಜಾಯಿ ಎಲ್ಲಿ ಎಂದು ಗಿರಿಜಾ ಕೇಳಿದಳು. ಬಳಕೆಯಲ್ಲಿದೆ ಎಂದೆ.

ಮೂರು ವಾರದ ಮೇಲೆ ನಂಜೇಗೌಡ ಫೋನ್ ಮಾಡಿದ. ಹನ್ನೊಂದಕ್ಕೆ ಹನ್ನೊಂದೂ ಮರಿಯಾಗಿದ್ದವು.

“ನಮ್ಮವ್ವ ಹೇಳ್ಬುಟ್ಟವಳೆ ಕಣ್ಲಾ, ನಿನ್ನ ಕರೀದಿದ್ರೆ ನಮಗೆ ಅನ್ನ ಇಕ್ಕಲ್ವಂತೆ. ಮುಂದ್ಲು ವರ್ಷಾನೂ ಬಾ, ಉಳ್ಕೊ. ಇನ್ನೊಂದು ಹೊಲ್ಕಂಡು ಬಾ. ಇದು ಇನ್ನು ಕೋಳೀದು.”

ಈಗ ಕೋಡಿಹಳ್ಳಿಯಲ್ಲಿ ಬಸ್ಸಿಳಿದರೆ ಟೀ ಅಂಗಡಿಯಲ್ಲಿ ಕೂತವರು ಎದ್ದು ಜಾಗ ಬಿಡುತ್ತಾರೆ. ಮೂವತ್ತು ವರ್ಷ ಪತ್ರಿಕೆಯಲ್ಲಿ ದುಡಿದರೂ ಆ ಭಾಗದಲ್ಲಿ ನನ್ನನ್ನು ಹೆಸರಿನಿಂದ ಗುರುತಿಸಿದವರಿರಲಿಲ್ಲ. ಈಗ ಎಲ್ಲರಿಗೂ ಗೊತ್ತು. ಕೋಳಿ ಟೈಲರ್ ಬಂದರು ಅನ್ನುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.