ಮಾವನವರ ಹುಳಿ ಸೇಬಿಗೆ ನಾನು ಮಾಡಿದ ಉಪಕಾರ

ಮಾವನವರನ್ನು ನಾನು ಮೊದಲು ನೋಡಿದ್ದು ಅವರ ಮನೆಯ ಹಿಂದಿನ ಅಂಗಳದಲ್ಲಿ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಟಿಕೆಟ್ ಇಲ್ಲದೆ ಹತ್ತಿದವನನ್ನು ನೋಡುವಂತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ. ಗುಂಡಿಯೊಂದು ಮಾತ್ರ ಪಕ್ಕದ ಕಾಜಕ್ಕೆ ವಲಸೆ ಹೋಗಿತ್ತು. ನಿಮ್ಮ ಮಗಳನ್ನು ಮದುವೆಯಾಗಬೇಕೆಂದಿದ್ದೇನೆ ಎಂಬ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದವನು, ಅವರೆದುರು ನಿಂತಾಗ ನಾನು ತೋಟಗಾರಿಕೆ ಪದವೀಧರ ಎಂದುಬಿಟ್ಟೆ. (ನಮ್ಮ ವಂಶದಲ್ಲಿ ಪದವಿ ಎಂಬ ಪದಾರ್ಥವನ್ನು ಮನೆಗೆ ತಂದ ಮೊದಲಿಗ ನಾನೇ. ಆಗೆಲ್ಲ ಯಾರಾದರೂ ಹೆಸರು ಕೇಳಿದರೂ ಬಾಯಿಂದ ಮೊದಲು ಪದವಿಯೇ ಬರುತ್ತಿತ್ತು.)

ಅವರು ತಲೆಯ ಮೇಲಿನ ಕೊಂಬೆಯಿಂದ ಒಂದು ಹಸಿರು ಸೇಬು ಕಿತ್ತು, ಅಂಗಿಯ ತುದಿಗೆ ಒರೆಸಿ ಕೊಟ್ಟರು. ಕಚ್ಚಿದೆ. ಹುಳಿ ನಾಲಿಗೆಯಿಂದ ಹೊರಟು, ಕಿವಿಯ ಹಿಂದೆ ಹಾದು, ಅಂಗಾಲಿನಲ್ಲಿ ಇಳಿಯಿತು. ಹಳ್ಳಿಯಲ್ಲಿ ಬೆಳೆದವನು ನಾನು. ಕೊಟ್ಟದ್ದನ್ನು ಅರ್ಧಕ್ಕೆ ಬಿಡುವ ಅಭ್ಯಾಸವಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತ ಪೂರ್ತಿ ಮುಗಿಸಿದೆ.

"ಬೀಜಾನೂ ತಿಂದ್ರಾ?" ಎಂದರು.

"ಹೂಂ ಸಾರ್."

"ಇದನ್ನ ಯಾರೂ ಹಸಿಯಾಗಿ ತಿನ್ನಲ್ಲ. ಬೇಯಿಸಿ ತಿಂತಾರೆ." ಬಕೆಟ್ಟನ್ನು ಮತ್ತೆ ಕೈಗೆತ್ತಿಕೊಂಡು, "ಹೋಗ್ಲಿ, ಮಗಳನ್ನ ಕೊಡ್ತೀನಿ. ಏನು ಕೊಟ್ರೂ ನುಂಗಿಕೊಳ್ಳೋ ಥರ ಕಾಣ್ತೀರ" ಎಂದರು.

ಹೀಗೆ ನಾನು ಅಳಿಯನಾದೆ. ಆ ಮರವನ್ನು ಬೆಳೆಸಿದ್ದು ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಯಾವುದೋ ಸೇಬು ತಿಂದು, ಬೀಜವನ್ನು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೆರಳಿನಿಂದ ಒತ್ತಿದ್ದರಂತೆ. ಹಣ್ಣು ನೋಡಲು ಗಿಡ್ಡ, ವಕ್ರ, ಮೈಮೇಲೆ ತುರಿಕೆ ಬಂದಂಥ ಚುಕ್ಕೆ. ಆದರೆ ಪಾತ್ರೆಗೆ ಹಾಕಿ ಬೆಂಕಿ ತೋರಿಸಿದರೆ ಸಾಕು, ಹೋಳುಗಳು ತಾವಾಗಿಯೇ ಕರಗಿ ಬೆಣ್ಣೆಯಂತಾಗುತ್ತಿದ್ದವು. ಒಣಹುಲ್ಲಿನ ನಡುವೆ ಜೋಡಿಸಿಟ್ಟರೆ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಉಳಿದದ್ದನ್ನು ಬೇಯಿಸಿ ಬಾಟಲಿಗೆ ತುಂಬಿದರೆ ಮುಂದಿನ ಬೆಳೆಯವರೆಗೆ ಚಿಂತೆಯಿಲ್ಲ.

ಅತ್ತೆ ತೀರಿಕೊಂಡರು. ಆಮೇಲೆ ಮಾವ ಊಟದ ಮೇಲಿನ ಆಸೆಯನ್ನೇ ಬಿಟ್ಟರು. ಹಲ್ಲುಗಳಂತೂ ಅದಕ್ಕೂ ಮೊದಲೇ ಬಿಟ್ಟುಹೋಗಿದ್ದವು. ಅವರ ಗಂಟಲಿನಲ್ಲಿ ಸಲೀಸಾಗಿ ಇಳಿಯುತ್ತಿದ್ದುದು ಸಕ್ಕರೆ ಹಾಕಿ ಬೇಯಿಸಿದ ಆ ಸೇಬು ಒಂದೇ. ಅದಕ್ಕೂ ಕಲ್ಲು ಬಿದ್ದದ್ದು, ಡಾಕ್ಟರು ಸಕ್ಕರೆ ಮುಟ್ಟಬೇಡಿ ಎಂದಾಗ. ಸಕ್ಕರೆಯಿಲ್ಲದೆ ಮಾವ ನಾಲ್ಕು ಚಮಚ ತಿಂದು, ಮುಖ ಕಿವುಚಿ, ತಟ್ಟೆ ದೂಡುತ್ತಿದ್ದರು. ದಿನದಿನಕ್ಕೆ ಅಂಗಿ ದೊಡ್ಡದಾಯಿತು, ಮಾವ ಚಿಕ್ಕವರಾದರು.

ಆಗ ನನ್ನೊಳಗಿನ ಪದವೀಧರ ಎದ್ದು ಕೂತ. ಸಕ್ಕರೆ ಹಾಕುವಂತಿಲ್ಲವಾದರೆ ಮರವನ್ನೇ ಸಿಹಿ ಮಾಡಿದರಾಯಿತು. ನಾನು ಕೆಲಸ ಮಾಡುವ ಸಸಿ ನರ್ಸರಿಯಲ್ಲಿ ಕೆಂಪು ಸಿಹಿ ತಳಿಯೊಂದಿತ್ತು, ಬಹುಮಾನ ಪಡೆದದ್ದು. ಅದರ ಕಡ್ಡಿಗಳನ್ನು ತಂದು ಹುಳಿ ಮರಕ್ಕೆ ಕಸಿ ಕಟ್ಟಿದರೆ ಬೇರು ಅತ್ತೆಯದು, ಹಣ್ಣು ವಿಜ್ಞಾನದ್ದು. ಹಣ್ಣಿನೊಳಗಿನ ಸಿಹಿಯ ಬಗ್ಗೆ ಡಾಕ್ಟರನ್ನೂ ಕೇಳಿದೆ. ಮಿತವಾಗಿ ತಿನ್ನಲಿ ಬಿಡಿ ಎಂದರು.

ನನ್ನವಳು ಒಪ್ಪಲಿಲ್ಲ. ಇರುವುದೊಂದು ಮರ, ಒಂದು ಕೊಂಬೆಗೆ ಮಾತ್ರ ಕಟ್ಟಿ ನೋಡಬಾರದೇ ಎಂದಳು. ಅರ್ಧಂಬರ್ಧ ಕೆಲಸ ನನಗೆ ಆಗುವುದಿಲ್ಲ ಎಂದೆ. ಅದು ತನಗೆ ಗೊತ್ತು, ಅದಕ್ಕೇ ಭಯ ಎಂದಳು. ಕೊನೆಗೆ ತೀರ್ಪು ಮಾವನವರ ಬಳಿ ಹೋಯಿತು. ಅಳಿಯಂದಿರು ಓದಿದವರು, ಮಾಡಲಿ ಬಿಡು ಎಂದುಬಿಟ್ಟರು. ಅಷ್ಟೇ ಅಲ್ಲ, ನಾನು ಕೊಂಬೆಗಳನ್ನೆಲ್ಲ ಗರಗಸದಿಂದ ಕತ್ತರಿಸುವಾಗ ಏಣಿಯನ್ನು ಹಿಡಿದು ನಿಂತವರೂ ಅವರೇ. ಉಳಿದ ಮೋಟುಗಳನ್ನು ಸೀಳಿದೆ, ಹೊಸ ಕಡ್ಡಿ ಕೂರಿಸಿದೆ, ಪಟ್ಟಿ ಸುತ್ತಿದೆ, ಮೇಣ ಮೆತ್ತಿದೆ. ಮರ ಅಪಘಾತ ವಾರ್ಡಿನಿಂದ ಎದ್ದು ಬಂದಂತೆ ಕಾಣುತ್ತಿತ್ತು.

ಕಸಿ ಚಿಗುರಿತು. ಆದರೆ ಹಣ್ಣಿಗೆ ಕಾಯಬೇಕಲ್ಲ. ಉಳಿದಿದ್ದ ಬಾಟಲಿಗಳು ಖಾಲಿಯಾದವು. ಪೇಟೆಯ ಸೇಬು ತಂದು ಬೇಯಿಸಿದರೆ ಮಾವ ಮೂಸಿ ನೋಡಿ, ಇರಲಿ, ನಮ್ಮ ಮರದ್ದು ಬರಲಿ ಎನ್ನುತ್ತ ಎರಡು ಗುಟುಕು ಗಂಜಿಯಲ್ಲಿ ದಿನ ದೂಡುತ್ತಿದ್ದರು. ಅವರ ಈ ವಿಶ್ವಾಸವನ್ನು ಉಳಿಸಿಕೊಳ್ಳಲೇಬೇಕಿತ್ತು. ಭಾನುವಾರ ಬಂತೆಂದರೆ ತಪ್ಪದೆ ಮರದ ಸೇವೆಗೆ ನಿಲ್ಲುತ್ತಿದ್ದೆ. ಜ್ವರ ಬಂದ ಭಾನುವಾರವೂ ಬಿಟ್ಟವನಲ್ಲ.

ಅಂತೂ ಮೂರನೆಯ ವರ್ಷ ಹಣ್ಣು ಬಂತು. ಕೆಂಪಗೆ, ಗುಂಡಗೆ, ಕ್ಯಾಲೆಂಡರಿನಿಂದ ಇಳಿದು ಬಂದಂತೆ. ನನ್ನವಳು ಹೆಚ್ಚಿ, ಒಲೆಯ ಮೇಲಿಟ್ಟಳು. ಬೇಯಿಸಿದೆವು. ಇನ್ನಷ್ಟು ಬೇಯಿಸಿದೆವು. ನೀರು ಬತ್ತಿತು, ಪಾತ್ರೆ ಸೀಯಿತು, ಹೋಳುಗಳು ಮಾತ್ರ ಜಗ್ಗಲಿಲ್ಲ. ಕರಗುವುದು ಹುಳಿ ಸೇಬಿನ ಗುಣ. ಸಿಹಿ ಸೇಬಿಗೆ ಅಂಥ ದಾಕ್ಷಿಣ್ಯವಿಲ್ಲ. ಮಾವ ಒಂದು ಹೋಳನ್ನು ಬಾಯಿಗೆ ಹಾಕಿ, ವಸಡಿನ ಮೇಲೆ ಅತ್ತಿತ್ತ ಉರುಳಿಸಿ, ಮರ್ಯಾದೆಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟರು.

"ಚೆನ್ನಾಗಿದೆ," ಎಂದರು.

"ಮತ್ತೆ ತಿನ್ನಿ ಮಾವ."

"ನೋಡೋಕೆ ಚೆನ್ನಾಗಿದೆ."

ಮಿಕ್ಸಿಗೆ ಹಾಕಿ ತಿರುವಿಕೊಟ್ಟೆ. ಕಂದು ಬಣ್ಣದ ಸಪ್ಪೆ ನೀರಾಯಿತು. ಮಾವ ಒಂದು ಗುಟುಕು ಕುಡಿದು, ತನ್ನವಳ ಮರದ್ದಾದರೆ ಸಕ್ಕರೆ ಇಲ್ಲದಿದ್ದರೂ ನಾಲ್ಕು ಚಮಚವಾದರೂ ಹೋಗುತ್ತಿತ್ತು ಎಂದು ಗೋಡೆಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ಮರಾನ ವಾಪಸ್ ಮಾಡಿ ಅಳಿಯಂದಿರೇ. ನೀವು ಓದಿದೀರಲ್ಲ" ಎಂದರು.

ಓದಿದ್ದೇ ತೊಂದರೆಯಾಗಿತ್ತು. ಸೇಬಿನ ಬೀಜ ತಾಯಿಯಂತೆ ಬರುವುದಿಲ್ಲ. ಬೀಜದಿಂದ ಹುಟ್ಟಿದ ಪ್ರತಿಯೊಂದು ಮರವೂ ಲೋಕಕ್ಕೆ ಒಂದೇ ಒಂದು. ಅದನ್ನು ಮುಂದುವರಿಸಬೇಕಾದರೆ ಅದೇ ಮರದ ಕಡ್ಡಿ ಬೇಕು. ಆ ಕಡ್ಡಿಗಳನ್ನೆಲ್ಲ ನಾನೇ ಕಟ್ಟು ಕಟ್ಟಿ ಒಲೆಗೆ ಹಾಕಿದ್ದೆ. ಇಷ್ಟನ್ನೂ ತಲೆ ತಗ್ಗಿಸಿ ವಿವರಿಸಿದೆ. ಸೀದ ಪಾತ್ರೆ ಉಜ್ಜುತ್ತಿದ್ದ ನನ್ನವಳ ಕೈ ನಿಂತಿತು.

"ರೀ, ಪ್ರತಿ ಭಾನುವಾರ ಮರದ ಬುಡದಲ್ಲಿ ಏನೋ ಚಿಗುರು ಚಿವುಟಿ ಬಿಸಾಡ್ತಿದ್ರಲ್ಲ, ಅದು ಯಾವ ಮರದ್ದು?"

ಕಸಿ ಕಟ್ಟಿದ ಜಾಗಕ್ಕಿಂತ ಕೆಳಗೆ ಹುಟ್ಟುವ ಚಿಗುರೆಲ್ಲ ಹಳೆಯ ಮರದ್ದೇ. ಬಿಟ್ಟರೆ ಮೇಲಿನ ತಳಿಯ ಆಹಾರ ಕದಿಯುತ್ತದೆ, ಆದ್ದರಿಂದ ನಿರ್ದಾಕ್ಷಿಣ್ಯವಾಗಿ ಚಿವುಟಬೇಕು ಎಂದು ನಾನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದೆ. ಅತ್ತೆಯವರ ಮರ ವಾರವಾರವೂ ಬದುಕಿದ್ದೇನೆಂದು ತಲೆಯೆತ್ತಿತ್ತು. ನಾನು ವಾರವಾರವೂ, ಜ್ವರವನ್ನೂ ಲೆಕ್ಕಿಸದೆ, ಅದರ ಕತ್ತು ಹಿಸುಕಿದ್ದೆ.

ಮೂವರೂ ಅಂಗಳಕ್ಕೆ ಓಡಿದೆವು. ಅಂದು ಸೋಮವಾರ. ಬುಡ ಕ್ಷೌರ ಮಾಡಿಸಿಕೊಂಡವರ ಗಲ್ಲದಂತೆ ನುಣ್ಣಗಿತ್ತು. ನನ್ನವಳು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೆಲವು ವಾರಗಳ ಮೇಲೆ ತೊಗಟೆಯ ಬಿರುಕಿನಲ್ಲಿ ಅಕ್ಕಿ ಕಾಳಿನಷ್ಟು ಹಸಿರು ಕಂಡಿತು. ಮಾವನೇ ಮೊದಲು ನೋಡಿದ್ದು. ಕಾಯಿ ಬಿಡಲು ಎಷ್ಟು ದಿನ ಎಂದು ಕೇಳಿದರು. ದಿನಗಳ ಮಾತಲ್ಲ, ನಾಲ್ಕೈದು ವರ್ಷವಾದರೂ ಬೇಕು ಎಂದೆ.

"ಅಲ್ಲೀವರೆಗೆ ಇರಬೇಕಲ್ಲ," ಎಂದರು.

ನನ್ನವಳು ಮುಖ ತಿರುಗಿಸಿದಳು.

"ನಾನಲ್ಲಮ್ಮ, ಆ ಚಿಗುರು," ಎಂದರು ಮಾವ. ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತು, "ನಾನೂನೂ" ಎಂದು ಸೇರಿಸಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಇದ್ದರೆ ಕೊಡು ಎಂದರು.

ಈಗ ಮಾವ ದಿನವೂ ಬೆಳಗ್ಗೆ ಹಾಲು ಬ್ರೆಡ್ಡು ಪೂರ್ತಿ ಮುಗಿಸುತ್ತಾರೆ. ಆಮೇಲೆ ಕುರ್ಚಿ ತೆಗೆದುಕೊಂಡು ಹೋಗಿ ಚಿಗುರಿನ ಪಕ್ಕ ಕೂರುತ್ತಾರೆ. ಭಾನುವಾರ ಮಾತ್ರ ಹಿತ್ತಿಲ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಕೊಂಡು ಕೂರುತ್ತಾರೆ.