ಕೆಂಪು ಬೊಟ್ಟಿನ ಮ್ಯಾಗ್ನಮ್

ಬಂದೂಕು ಹಿಡಿದವರಿಗೆ ಆಗುವ ಅವಘಡಗಳನ್ನು ಪೇಪರಿನವರು ಬರೆಯುತ್ತಾರೆ. ಅದನ್ನು ಒಮ್ಮೆಯೂ ಹಿಡಿಯದವನಿಗೆ ಆಗುವುದನ್ನು ಅವನೇ ಬರೆದುಕೊಳ್ಳಬೇಕು. ಎಪ್ಪತ್ತರ ದಶಕದಲ್ಲಿ ಆರು ವರ್ಷ ನಾನು ನ್ಯೂಜೆರ್ಸಿಯ ಸೀಕಾಕಸ್‌ನಲ್ಲಿ, ಗೋದಾಮುಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಪುಟ್ಟ ಪ್ರಕಾಶನದಲ್ಲಿ, ರಿವಾಲ್ವರಿನ ಕಾಡತೂಸುಗಳನ್ನು ಅಳೆಯುವ ಕೆಲಸ ಮಾಡಿದೆ. ಒಂದೂ ಗುಂಡು ಹಾರಿಸಲಿಲ್ಲ. ಆದರೂ ವಾರಕ್ಕೊಮ್ಮೆ ಏನಾದರೂ ಸಿಡಿಯುತ್ತಲೇ ಇತ್ತು.

೧. ಬೇಡವಾದ ಅನುಭವ

ಅರವತ್ತರ ದಶಕದ ಕೊನೆಗೆ ಮೈಸೂರಿನಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಮೇಲಿನ ಓದಿಗೆ ಅಮೆರಿಕಕ್ಕೆ ಬಂದವನು ನಾನು. ಓದು ಮುಗಿಯುವ ಹೊತ್ತಿಗೆ ಇಲ್ಲಿನ ಕಾರ್ಖಾನೆಗಳು ಇದ್ದ ಎಂಜಿನಿಯರುಗಳನ್ನೇ ಮನೆಗೆ ಕಳಿಸುತ್ತಿದ್ದವು. ಅಂಥ ಹೊತ್ತಿನಲ್ಲಿ ಕಂಡದ್ದು ಈ ಪ್ರಕಾಶನದ ಜಾಹೀರಾತು. ಕಾಡತೂಸುಗಳ ಕೈಪಿಡಿಯೊಂದರ ಹೊಸ ಆವೃತ್ತಿ ಬರುವುದಿತ್ತು, ಅದರ ಅಳತೆಗಳನ್ನು ಪರಿಶೀಲಿಸಲು ಜನ ಬೇಕಾಗಿತ್ತು.

ಮಾಲೀಕರು ಅರವತ್ತರ ಆಸುಪಾಸಿನ ದಪ್ಪ ಮನುಷ್ಯ. ಎಂದಾದರೂ ಬಂದೂಕು ಮುಟ್ಟಿದ್ದೀರಾ ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ದೀಪಾವಳಿಯ ಕೇಪು ಪಿಸ್ತೂಲು ಮುಟ್ಟಿದ್ದೇನೆ, ಅದೂ ಅಣ್ಣನದು, ಹೊಡೆಯುತ್ತಿದ್ದವನು ಅವನು, ನಾನು ಕೇಪಿನ ಸುರುಳಿ ಹಾಕಿಕೊಡುತ್ತಿದ್ದೆ ಎಂದೆ. ಕೆಲಸ ಹೋಯಿತು ಎಂದುಕೊಂಡು ಎದ್ದರೆ, ಅವರು ಸಂತೋಷದಿಂದ ಕೈ ಕುಲುಕಿದರು. ಹಿಂದಿದ್ದ ಇಬ್ಬರೂ ಭಾರಿ ಗುರಿಕಾರರಂತೆ. ಒಬ್ಬೊಬ್ಬರಿಗೆ ಒಂದೊಂದು ಕಾಡತೂಸಿನ ಮೇಲೆ ಮಮತೆ, ಅದನ್ನು ಪುಸ್ತಕದಲ್ಲಿ ಕೂದಲೆಳೆಯಷ್ಟು ದೊಡ್ಡದು ಮಾಡಿಬಿಡುತ್ತಿದ್ದರಂತೆ. ನಿಮಗೆ ಯಾವುದರ ಮೇಲೂ ಪ್ರೀತಿಯಿಲ್ಲ, ಅದೇ ನನಗೆ ಬೇಕಾದ್ದು ಎಂದರು.

ಆಗ ನಾನು ಗ್ರೀನ್ ಕಾರ್ಡಿನ ಅರ್ಜಿಯನ್ನು ಮುಂದಿಟ್ಟೆ. ಈ ಕೆಲಸಕ್ಕೆ ಅಮೆರಿಕನ್ ಒಬ್ಬ ಸಿಗಲಿಲ್ಲ ಎಂದು ಮಾಲೀಕರು ಬರೆದು ಸಹಿ ಹಾಕಿದರೆ ನಾನೂ ನನ್ನ ಹೆಂಡತಿಯೂ ಈ ದೇಶದಲ್ಲಿ ಉಳಿಯಬಹುದಿತ್ತು. ಇಲ್ಲವಾದರೆ ಗಂಟುಮೂಟೆ. ಪುಸ್ತಕ ಹೊರಬರಲಿ, ಹಾಕೋಣ ಎಂದು ಅವರು ಕಾಗದವನ್ನು ಡ್ರಾಯರಿಗೆ ಸೇರಿಸಿದರು. 'ಈ ಕೆಲಸಕ್ಕೆ ಈ ವ್ಯಕ್ತಿಯೇ ಏಕೆ ಬೇಕು' ಎಂಬ ಜಾಗ ಮಾತ್ರ ಖಾಲಿ ಉಳಿಯಿತು. ಏನು ಬರೆಯಬೇಕೋ ತಿಳಿಯದು ಎಂದು ತಲೆ ಕೆರೆದುಕೊಂಡರು. ಬಂದೂಕಿನ ಗಂಧಗಾಳಿಯಿಲ್ಲದವರು ಈ ದೇಶದಲ್ಲಿ ಹುಡುಕಿದರೆ ಇನ್ನೂ ಒಬ್ಬಿಬ್ಬರು ಸಿಗಬಹುದಲ್ಲ ಎಂಬುದು ಅವರ ಚಿಂತೆ.

೨. ಮೂವತ್ತೆಂಟರ ಸುಳ್ಳು

ಮೊದಲು ನನ್ನ ಮೇಜಿಗೆ ಬಂದದ್ದು ಮ್ಯಾಗ್ನಮ್ ಎಂಬ ಹೆಚ್ಚು ಕಸುವಿನ ಕಾಡತೂಸುಗಳ ಅಧ್ಯಾಯ. ಅದರ ಆರಂಭದಲ್ಲೇ ಪಾಯಿಂಟ್ ಮೂವತ್ತೆಂಟು ಎಂಬ ಹಳೆಯ ಕಾಡತೂಸು. ಹೆಸರಿನ ಪ್ರಕಾರ ಗುಂಡಿನ ದಪ್ಪ ಇಂಚಿನ ನೂರರಲ್ಲಿ ಮೂವತ್ತೆಂಟು ಪಾಲು ಇರಬೇಕು. ಅಳೆದೆ. ಮೂವತ್ತಾರನ್ನೂ ಮುಟ್ಟಲಿಲ್ಲ. ಹತ್ತು ಕಾಡತೂಸು ಅಳೆದೆ, ಹತ್ತೂ ಅಷ್ಟೇ. ಇಡೀ ದೇಶಕ್ಕೆ ಗೊತ್ತಾಗದ ತಪ್ಪು ನನಗೆ ಗೊತ್ತಾಯಿತಲ್ಲ ಎಂದು ಎದೆಯುಬ್ಬಿತು. ಮೂರು ವಾರ ಕೂತು, ಅಧ್ಯಾಯದುದ್ದಕ್ಕೂ ಮೂವತ್ತೆಂಟು ಎಂದು ಇದ್ದಲ್ಲೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ಹೊಡೆದು, ಇಂಚಿನ ಸಾವಿರ ಪಾಲಿನ ಲೆಕ್ಕದಲ್ಲಿ, ಮುನ್ನೂರೈವತ್ತೇಳು ಎಂದು ತಿದ್ದಿದೆ. ನಲವತ್ತನಾಲ್ಕು ಎಂಬುದೂ ಅಳೆದರೆ ನಲವತ್ಮೂರೇ. ಅದನ್ನೂ ಬಿಡಲಿಲ್ಲ.

ಹಿರಿಯ ಸಂಪಾದಕರೊಬ್ಬರಿದ್ದರು. ಸೈನ್ಯದಿಂದ ನಿವೃತ್ತರಾದವರು, ಕಾಡತೂಸುಗಳ ವಂಶಾವಳಿಯೆಲ್ಲ ಅವರಿಗೆ ಬಾಯಿಪಾಠ. ನನ್ನ ತಿದ್ದುಪಡಿ ನೋಡಿ ಅವರು ಕನ್ನಡಕ ತೆಗೆದಿಟ್ಟು ಹತ್ತಿರದ ಕುರ್ಚಿ ಎಳೆದುಕೊಂಡರು. ಆಮೇಲೆ ಸಮಾಧಾನದಿಂದ ಹೇಳಿದರು. ಹಿಂದೆ ಗುಂಡು ತನ್ನ ಹಿತ್ತಾಳೆ ಕೊಳವೆಯಷ್ಟೇ ದಪ್ಪವಿತ್ತು, ಆಗಿನ ಹೆಸರು ಮೂವತ್ತೆಂಟು. ಆಮೇಲೆ ಗುಂಡನ್ನು ಸಣ್ಣದು ಮಾಡಿ ಕೊಳವೆಯ ಒಳಗೆ ಕೂರಿಸಿದರು. ಗುಂಡು ಇಳಿಯಿತು, ಹೆಸರು ಇಳಿಯಲಿಲ್ಲ. ಮೂವತ್ತರ ದಶಕದಲ್ಲಿ ಅದೇ ಕಾಡತೂಸಿಗೆ ಹೆಚ್ಚು ಕಸುವು ತುಂಬಬೇಕೆನಿಸಿತು. ಅಷ್ಟು ಕಸುವಿನದನ್ನು ಯಾರಾದರೂ ಹಳೆಯ ರಿವಾಲ್ವರಿಗೆ ತುರುಕಿದರೆ ರಿವಾಲ್ವರೇ ಒಡೆದೀತು ಎಂದು, ಅದರಲ್ಲಿ ಹಿಡಿಸಲೇಬಾರದು ಎಂದು, ಕೊಳವೆಯನ್ನು ಇಂಚಿನ ಎಂಟನೆಯ ಒಂದು ಪಾಲು ಉದ್ದ ಮಾಡಿದರು. ಹೊಸ ಸರಕಿಗೆ ಹೊಸ ಹೆಸರು ಬೇಕಿತ್ತು, ಆಗ ಮೊದಲ ಸಲ ನಿಜವಾದ ಅಳತೆ ಹೇಳಿ ಮುನ್ನೂರೈವತ್ತೇಳು ಮ್ಯಾಗ್ನಮ್ ಎಂದರು. ಇಪ್ಪತ್ತು ವರ್ಷ ಬಿಟ್ಟು ನಲವತ್ತನಾಲ್ಕನ್ನೂ ಹಾಗೆಯೇ ಉದ್ದ ಮಾಡಿದರು. ಆದರೆ ಹೆಸರಿನ ಸುಳ್ಳನ್ನು ಹಾಗೇ ಉಳಿಸಿಕೊಂಡರು.

ನನಗೆ ತಕ್ಷಣ ಅರ್ಥವಾಯಿತು. ಮೈಸೂರಿನ ನಮ್ಮ ಬೀದಿಯಲ್ಲಿ ಎಪ್ಪತ್ತು ದಾಟಿದ, ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಒಬ್ಬರನ್ನು ಊರೆಲ್ಲ ಪಾಪು ಎಂದೇ ಕರೆಯುತ್ತಿತ್ತು. ಯಾರೂ ಟೇಪು ತಂದು ಅಳೆದಿರಲಿಲ್ಲ. ಮತ್ತೆ ಮೂರು ವಾರ ಕೂತು ನನ್ನ ಕೆಂಪು ಗೆರೆಗಳನ್ನೆಲ್ಲ ರಬ್ಬರಿನಿಂದ ಅಳಿಸಿದೆ. ಮಾಲೀಕರಿಗೆ ಸಿಟ್ಟು ಬಂದೀತೆಂದು ಹೆದರಿದ್ದೆ, ಅವರು ಮೆಚ್ಚಿಕೊಂಡರು. ಈ ಮನುಷ್ಯ ಅಳತೆಯಲ್ಲಿ ತಪ್ಪುವುದಿಲ್ಲ, ಅವನ ಮೇಜಿನಿಂದ ಬಂದದ್ದನ್ನು ಪ್ರಶ್ನಿಸಬೇಡಿ ಎಂದು ಎಲ್ಲರಿಗೂ ಹೇಳಿದರು. ಆ ಮಾತು ಮುಂದೆ ನನ್ನ ಕೊರಳಿಗೇ ಬಂತು.

೩. ಮೆಟುಚೆನ್ನಿನ ಊಟ

ಆಗ ಆ ಕಡೆ ಕನ್ನಡದವರೆಂದರೆ ಐದಾರು ಮನೆ. ತಿಂಗಳಿಗೊಮ್ಮೆ ಮೆಟುಚೆನ್ನಿನಲ್ಲಿದ್ದ ಬಸವನಗುಡಿಯ ದಂಪತಿಗಳ ಮನೆಯಲ್ಲಿ ಊಟಕ್ಕೆ ಸೇರುತ್ತಿದ್ದೆವು. ನನ್ನವರು ಪುಸ್ತಕದ ಆಫೀಸಿನಲ್ಲಿದ್ದಾರೆ ಎಂದಷ್ಟೇ ನನ್ನ ಹೆಂಡತಿ ಹೇಳಿಕೊಂಡಿದ್ದಳು. ಎಂಥ ಪುಸ್ತಕ ಎಂದು ಕೇಳಿದವರಿಗೆ ರೆಫರೆನ್ಸ್ ಎನ್ನುತ್ತಿದ್ದಳು. ಸುಳ್ಳೇನಲ್ಲ.

ಒಂದು ಸಲ ಧಾರವಾಡದ ಸರ್ಜನ್ ಒಬ್ಬರು ಪಕ್ಕದಲ್ಲಿ ಕೂತು, ಹುಳಿಯನ್ನ ಮುಗಿಯುವುದರೊಳಗೆ ನನ್ನಿಂದ ಎಲ್ಲ ಹೊರಡಿಸಿಬಿಟ್ಟರು. ಅವರು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿದ್ದವರು. ಕಣ್ಣರಳಿಸಿ, ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು:

"ನೀವು ಒಳಗ ಹೋಗೂ ಮೊದಲ ಅಳೀತೀರಿ, ನಾವು ಒಳಗ ಹೋದ ಮ್ಯಾಲೆ ತಗೀತೀವಿ. ತಗದು ಟ್ರೇದಾಗ ಇಟ್ರ, ಇದು ಮೂವತ್ತೆಂಟೋ ಮ್ಯಾಗ್ನಮ್ಮೋ ಅಂತ ಪೊಲೀಸರು ನನ್ನ ಕೇಳ್ತಾರ. ಹ್ಯಾಂಗ ಹೇಳೂದ್ರಿ?"

ಹೇಳಲಾಗುವುದಿಲ್ಲ, ಎರಡರ ಗುಂಡೂ ಒಂದೇ ದಪ್ಪ, ವ್ಯತ್ಯಾಸವಿರುವುದು ಕೊಳವೆಯ ಉದ್ದದಲ್ಲಿ, ಆ ಕೊಳವೆ ರಿವಾಲ್ವರಿನಲ್ಲೇ ಉಳಿದುಬಿಡುತ್ತದೆ ಎಂದು ವಿವರಿಸಿದೆ. ಡಾಕ್ಟರಿಗೆ ಭಾರಿ ಸಮಾಧಾನವಾಯಿತು. ತಮಗೆ ತಿಳಿಯದಿದ್ದದ್ದು ಯಾರಿಗೂ ತಿಳಿಯುವಂಥದಲ್ಲ ಎಂದು ಗೊತ್ತಾದರೆ ಎಂಥ ಡಾಕ್ಟರಿಗೂ ಸಮಾಧಾನವೇ. ಆ ಹುಮ್ಮಸ್ಸಿನಲ್ಲಿ ನಾನು ಇನ್ನೂ ಮುಂದೆ ಹೋದೆ. ಮ್ಯಾಗ್ನಮ್ ಎಂಬ ಹೆಸರು ಬಂದೂಕಿನದೇ ಅಲ್ಲ, ಅದು ಶಾಂಪೇನಿನ ದೊಡ್ಡ ಬಾಟಲಿಯದು, ಮೊದಲು ಇಂಗ್ಲೆಂಡಿನವರು ಅದನ್ನು ದೊಡ್ಡ ರೈಫಲ್ ಕಾಡತೂಸಿಗೆ ಇಟ್ಟರು, ಆಮೇಲೆ ಇವರು ರಿವಾಲ್ವರಿಗೆ ತಂದರು ಎಂದು ಹೇಳಿಕೊಂಡೆ.

ಬಡಿಸುತ್ತಿದ್ದ ಬಸವನಗುಡಿಯ ಗೃಹಿಣಿ ಸೌಟು ಹಿಡಿದು ನಿಂತುಬಿಟ್ಟರು. ನನ್ನ ಹೆಂಡತಿಯ ಕಡೆ ತಿರುಗಿ, "ಅಲ್ಲಾ ಕಣೇ, ಬರೀ ಬಂದೂಕು ಅಂದ್ಕೊಂಡೆ, ಬಾಟ್ಲೀನೂ ಇದೆಯಾ?" ಎಂದರು.

೪. ನಿಜವಾದ ಆಯುಧ

ಪುಸ್ತಕ ಅಚ್ಚಿಗೆ ಹೋಗುವ ವರ್ಷದ ನವರಾತ್ರಿ. ಆಯುಧಪೂಜೆ ಶುಕ್ರವಾರ ಬಂದಿತ್ತು. ಮನೆಯಲ್ಲಿ ಪೂಜೆಗೆಂದು ಇದ್ದದ್ದು ಒಂದು ಚಾಕು, ಒಂದು ಇಸ್ತ್ರಿಪೆಟ್ಟಿಗೆ. ಹೆಂಡತಿಗೆ ತೃಪ್ತಿಯಾಗಲಿಲ್ಲ.

"ಊರಲ್ಲಿ ಸ್ಪ್ಯಾನರಿಗೆ, ಹೊಲಿಗೆ ಮಿಷನ್ನಿಗೆ ಎಲ್ಲಾ ಕುಂಕುಮ ಇಡ್ತಾರೆ. ನಿಮ್ಮಾಫೀಸಲ್ಲಿ ಇರೋದು ನಿಜವಾದ ಆಯುಧ. ಅದನ್ನ ಬಿಟ್ಟು ಇಸ್ತ್ರಿಪೆಟ್ಟಿಗೆಗೆ ಮಾಡಿದ್ರೆ ದೇವಿ ಏನಂದ್ಕೋತಾಳೆ?" ಎಂದಳು. ಆ ಪೇಪರಿಗೂ ಸಹಿ ಬೀಳಬೇಕಲ್ಲ ಎಂದು ಸೇರಿಸಿದಳು.

ಊರಿನಿಂದ ಹಡಗಿನಲ್ಲಿ ಬಂದ ಕುಂಕುಮ, ಒಂದು ಚಮಚ ಕೊಬ್ಬರಿ ಎಣ್ಣೆ, ಒಂದು ನಿಂಬೆಹಣ್ಣು, ಇಷ್ಟನ್ನು ಊಟದ ಡಬ್ಬಿಯಲ್ಲಿ ಒಯ್ದೆ. ಸಂಜೆ ಐದಕ್ಕೆ ಎಲ್ಲರೂ ಹೊರಟ ಮೇಲೆ ಅಳತೆಯ ಕ್ಯಾಲಿಪರಿಗೆ ಬೊಟ್ಟಿಟ್ಟೆ. ಪಕ್ಕದಲ್ಲೇ ಮ್ಯಾಗ್ನಮ್‌ಗಳ ಮರದ ಹಲಗೆಯಿತ್ತು. ಮದ್ದು ತೆಗೆದ ಮಾದರಿ ಕಾಡತೂಸುಗಳನ್ನು ತಲೆಕೆಳಗಾಗಿ, ತಳ ಮೇಲಾಗಿ ಕೂರಿಸಿದ್ದರು. ಹನ್ನೆರಡು ಹಿತ್ತಾಳೆ ಮುಖಗಳು ಖಾಲಿ ಹಣೆಯಲ್ಲಿ ನನ್ನನ್ನೇ ನೋಡುತ್ತಿದ್ದವು. ಹನ್ನೆರಡಕ್ಕೂ ನಡುಮಧ್ಯೆ ಬೊಟ್ಟಿಟ್ಟು, ನಿಂಬೆಹಣ್ಣು ಮುಂದಿಟ್ಟು, ಆ ಸಹಿ ಬೀಳಲಿ ತಾಯಿ ಎಂದು ಕೈಮುಗಿದೆ. ಪೂಜೆಗಿಟ್ಟದ್ದನ್ನು ವಿಜಯದಶಮಿಗೆ ಮೊದಲು ಕದಲಿಸುವಂತಿಲ್ಲ, ಹಾಗೇ ಬಿಟ್ಟು ಮನೆಗೆ ಬಂದೆ.

ಸೋಮವಾರ ಹೋಗಿ ಹನ್ನೆರಡನ್ನೂ ಒರೆಸಿಟ್ಟೆ. ನಿಂಬೆಹಣ್ಣು ಮಾತ್ರ ಕಾಣಲಿಲ್ಲ. ದೇವಿ ಸ್ವೀಕರಿಸಿದ್ದಾಳೆ ಎಂದುಕೊಂಡೆ.

೫. ಹೊಸ ತಳಿ

ಆ ಆವೃತ್ತಿಯಲ್ಲಿ ಮೊದಲ ಸಲ ಒಂದು ಬಣ್ಣದ ಪುಟವಿತ್ತು, ಮ್ಯಾಗ್ನಮ್‌ಗಳ ತಳದ ಚಿತ್ರ. ಅದರ ಅಚ್ಚುಕರಡು ನನ್ನ ಮೇಜಿಗೆ ಬಂತು. ಸ್ಕೇಲು ಹಿಡಿದು ಪ್ರತಿಯೊಂದನ್ನೂ ಅಳೆದೆ, ಎಲ್ಲ ಸರಿಯಿತ್ತು, ಸಹಿ ಮಾಡಿ ಕಳಿಸಿದೆ. ಹನ್ನೆರಡರ ನಡುವೆಯೂ ಕೆಂಪು ಬೊಟ್ಟಿದ್ದದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಹುಟ್ಟಿದಾಗಿನಿಂದ ಕುಂಕುಮ ನೋಡಿದವನು ನಾನು. ಅದು ಇಲ್ಲದಿದ್ದರೆ ಕಣ್ಣಿಗೆ ಬೀಳುತ್ತಿತ್ತು.

ಹಿರಿಯ ಸಂಪಾದಕರ ಕಣ್ಣಿಗೆ ಬಿತ್ತು. ಆದರೆ ನನ್ನ ಮೇಜಿನಿಂದ ಬಂದದ್ದನ್ನು ಪ್ರಶ್ನಿಸುವಂತಿರಲಿಲ್ಲವಲ್ಲ. ಕೆಲವು ತಯಾರಕರು ತೇವ ತಾಗದಿರಲೆಂದು ತಳಕ್ಕೆ ಬಣ್ಣದ ಅರಗು ಹಚ್ಚುವುದೂ ಉಂಟು. ಅವರು ಚಿತ್ರದ ಕೆಳಗೆ ಅಚ್ಚುಕಟ್ಟಾಗಿ 'ಕೆಂಪು ಬೊಟ್ಟಿನ ಅಪರೂಪದ ಮಾದರಿ' ಎಂದು ಬರೆದರು.

ಪುಸ್ತಕ ಹೊರಬಂದ ತಿಂಗಳಲ್ಲಿ ಪತ್ರಗಳು ಶುರುವಾದವು. ಕಾಡತೂಸು ಸಂಗ್ರಹಿಸುವವರು ದೇಶದ ಮೂಲೆಮೂಲೆಯಲ್ಲಿದ್ದರು. ಇದು ಮೊದಲ ಪ್ರಯೋಗದ ತಯಾರಿಕೆ ಎಂದೊಬ್ಬರು. ಯಾವುದೋ ಪೂರ್ವದೇಶದ ಸೈನ್ಯಕ್ಕೆ ಮಾಡಿದ್ದು ಎಂದು ಇನ್ನೊಬ್ಬರು, ಅವರೇ ಸ್ವಲ್ಪ ಹತ್ತಿರ ಬಂದಿದ್ದರು. ಒಹಾಯೊದ ಒಬ್ಬರು ತಮ್ಮ ಹತ್ತಿರ ಇಂಥವು ನಾಲ್ಕಿವೆ, ಬಹಳ ವರ್ಷದಿಂದ ಇವೆ ಎಂದು ಬರೆದರು. ಮಾಲೀಕರು ಹಿಗ್ಗಿ ಆ ಪತ್ರಗಳನ್ನು ಗೋಡೆಗೆ ಅಂಟಿಸಿದರು. ನಾನು ಆಗ ಮೊದಲ ಸಲ ಆ ಪುಟವನ್ನು ಅಳೆಯದೆ ನೋಡಿದೆ. ಹನ್ನೆರಡು ಬೊಟ್ಟೂ ನಾನಿಟ್ಟವೇ. ವಿಚಾರಿಸಿದಾಗ ತಿಳಿಯಿತು, ಫೋಟೋದವನು ಆ ಶನಿವಾರವೇ ಬಂದು ಚಿತ್ರ ತೆಗೆದಿದ್ದ. ನಿಂಬೆಹಣ್ಣನ್ನು ಚಹಾಕ್ಕೆ ಹಿಂಡಿಕೊಂಡವನೂ ಅವನೇ.

ಸುಮ್ಮನಿದ್ದರೆ ಸಹಿ ಬೀಳುತ್ತಿತ್ತು, ನಿಜ. ಆದರೆ ಒಬ್ಬರು, ಕೆಂಪು ಬೊಟ್ಟೆಂದರೆ ಮದ್ದು ಕಡಿಮೆ ಎಂದೇ, ಕೊಳವೆ ಕತ್ತರಿಸಿ ತಮ್ಮ ಹಳೆಯ ರಿವಾಲ್ವರಿಗೆ ಹಾಕಬಹುದೇ ಎಂದು ಕೇಳಿ ಬರೆದಿದ್ದರು. ಆ ಮನುಷ್ಯನ ಕೈಬೆರಳು ಐದೂ ನನ್ನ ಕಣ್ಣಮುಂದೆ ಬಂದವು. ಹೆಂಡತಿಗೆ ಹೇಳಿದೆ. ಅವಳು ಮಂಚದ ಕೆಳಗಿನ ಸೂಟ್‌ಕೇಸುಗಳನ್ನು ಎಳೆದು ಧೂಳು ಒರೆಸತೊಡಗಿದಳು. ಮರುದಿನ ಮಾಲೀಕರ ಮುಂದೆ ನಿಂತು, ದೇವಿಯಿಂದ ಹಿಡಿದು ಕೊಬ್ಬರಿ ಎಣ್ಣೆಯವರೆಗೆ ಒಂದೂ ಬಿಡದೆ ಒಪ್ಪಿಸಿದೆ.

ಅವರು ಗೋಡೆಯ ಪತ್ರಗಳನ್ನು ಒಂದೊಂದಾಗಿ ಕಿತ್ತರು. ಅಂದೇ ತಿದ್ದೋಲೆ ಅಚ್ಚಾಯಿತು: ಕೆಂಪು ಬೊಟ್ಟಿನ ಮಾದರಿ ಎಂಬುದು ಇಲ್ಲ, ಅದು ನಮ್ಮ ಪರಿಶೀಲಕರು ಹಬ್ಬಕ್ಕೆಂದು ಇಟ್ಟ ಕುಂಕುಮ, ಮ್ಯಾಗ್ನಮನ್ನು ಹಳೆಯ ರಿವಾಲ್ವರಿಗೆ ಯಾರೂ ಯಾವ ಕಾರಣಕ್ಕೂ ಹಾಕಬೇಡಿ. ಬೆರಳಿನ ಮನುಷ್ಯನಿಗೆ ತಂತಿಯೇ ಹೋಯಿತು. ನನ್ನ ಅರ್ಜಿ ಡ್ರಾಯರಿನಲ್ಲೇ ಉಳಿಯಿತು. ಕೇಳುವ ಮುಖ ನನಗುಳಿದಿರಲಿಲ್ಲ.

ಎರಡು ವಾರ ಬಿಟ್ಟು ಉತ್ತರಗಳು ಬಂದವು. ಬೆರಳಿನವರು ಥ್ಯಾಂಕ್ಸ್ ಹೇಳಿದ್ದರು. ಉಳಿದವರು ಯಾರೂ ತಿದ್ದೋಲೆಯನ್ನು ನಂಬಿರಲಿಲ್ಲ. ಒಹಾಯೊದವರಂತೂ ಸಿಟ್ಟಾಗಿದ್ದರು. ನಿಮ್ಮ ಪರಿಶೀಲಕನಿಗೆ ಅಮೆರಿಕದ ಕಾಡತೂಸುಗಳ ಇತಿಹಾಸ ಏನೂ ಗೊತ್ತಿಲ್ಲ, ನನ್ನ ಹತ್ತಿರ ನಾಲ್ಕಿವೆ, ಈಗ ಐದನೆಯದೂ ಸಿಕ್ಕಿದೆ, ಇವುಗಳ ಹುಟ್ಟು ತಿಳಿದವರು ಈ ದೇಶದಲ್ಲಿ ಇನ್ನೂ ಯಾರೂ ಇಲ್ಲ ಎಂದು ಬರೆದಿದ್ದರು.

ಮಾಲೀಕರು ಕೊನೆಯ ಸಾಲನ್ನು ಎರಡು ಸಲ ಓದಿದರು. ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು. ಡ್ರಾಯರಿನಿಂದ ನನ್ನ ಅರ್ಜಿ ತೆಗೆದು, ವರ್ಷಗಟ್ಟಲೆ ಖಾಲಿಯಿದ್ದ ಜಾಗದಲ್ಲಿ ಬರೆದು, ಸಹಿ ಹಾಕಿ ನನ್ನ ಕಡೆ ತಳ್ಳಿದರು.

'ಕೆಂಪು ಬೊಟ್ಟಿನ ಮ್ಯಾಗ್ನಮ್‌ನ ಮೂಲ ಬಲ್ಲವನು ಅಮೆರಿಕದಲ್ಲೆಲ್ಲ ಇವನೊಬ್ಬನೇ. ಆ ಜ್ಞಾನವಿರುವ ಅಮೆರಿಕನ್ ಎಲ್ಲೂ ಸಿಗಲಿಲ್ಲ.'